ಪಹಣಿಯಲ್ಲಿ ಕಾಣದ ಬೆಳೆಗಾರ್ತಿ



ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಓಡಾಡಿದ ನಮ್ಮಲ್ಲಿ ಬಹುಮಂದಿ ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದವರೇ. ಆ ಇಡ್ಲಿಗೆ ಒಂದು ಬೆಲೆ ಇದೆ, ಅದನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಅಕ್ಕಿ, ಉದ್ದು, ಸೌದೆಯ ಖರ್ಚಿನ ಜೊತೆಗೆ ನೆನೆಸಿದವರ, ರುಬ್ಬಿದವರ, ಬೇಯಿಸಿದವರ, ತಟ್ಟೆ ತೊಳೆದವರ ಕೂಲಿಯೂ ಆ ಬೆಲೆಯೊಳಗೆ ಸೇರಿದೆ. ದೇಶದ ವರಮಾನದ ಲೆಕ್ಕ ಹಾಕುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಹೆದ್ದಾರಿ ಬಿಟ್ಟು ಎರಡು ಮೈಲಿ ಒಳಗೆ ಹೋದರೆ ತೆಂಗು ಅಡಿಕೆಯ ತೋಟಗಳು, ರಾಗಿ ಹೊಲಗಳು ಸಿಗುತ್ತವೆ. ಅಲ್ಲಿನ ಮನೆಯಲ್ಲಿಯೂ ಅದೇ ಅಕ್ಕಿ ಉದ್ದು ನೆನೆಯುತ್ತವೆ, ಅದೇ ಹಿಟ್ಟು ಉಬ್ಬುತ್ತದೆ, ಅದೇ ಇಡ್ಲಿ ಬೇಯುತ್ತದೆ. ಅಲ್ಲಿ ಮಾತ್ರ ಬೆಲೆಯೂ ಇಲ್ಲ, ಕೂಲಿಯೂ ಇಲ್ಲ. ಗಣತಿಯವರು ಬಂದು, "ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರೆ ಯಜಮಾನನ ಉತ್ತರ ಸಿದ್ಧವಾಗಿರುತ್ತದೆ: "ಏನಿಲ್ಲ ಸಾರ್, ಮನೇಲೇ ಇರ್ತಾಳೆ."

ಈ ಸಂಚಿಕೆಯಲ್ಲಿ ಗೊಬ್ಬರ, ಔಷಧಿಯ ಮಾತನ್ನು ಪಕ್ಕಕ್ಕಿಟ್ಟು ಈ 'ಏನಿಲ್ಲ' ಎಂಬ ಉತ್ತರವನ್ನು ವಿಚಾರಿಸೋಣ. ಸಣ್ಣ ಹಿಡುವಳಿದಾರನ ಮನೆಯಲ್ಲಿ ಹೆಂಡತಿ, ತಾಯಿ ಎನಿಸಿಕೊಂಡವಳು ಮಾಡುವ ಕೆಲಸ ಎಷ್ಟು, ಅದನ್ನು ಲೆಕ್ಕಕ್ಕೆ ತರುವುದು ಹೇಗೆ, ತಾರದೇ ಇದ್ದರೆ ಆಗುವ ನಷ್ಟವೇನು ಎಂಬ ಮೂರು ವಿಷಯಗಳನ್ನು ನೋಡೋಣ. ಇದನ್ನು ಕರುಣೆಯ ಮಾತೆಂದು ಯಾರೂ ಭಾವಿಸಬಾರದು. ಇದು ತೋಟದ ಆದಾಯಕ್ಕೂ, ತೋಟ ಮುಂದೆ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದಕ್ಕೂ ಸೇರಿದ ಮಾತು.

ಬೆಳಗಿನಿಂದ ರಾತ್ರಿಯವರೆಗೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಎರಡೆಕರೆ ತೋಟ, ಒಂದು ಸೀಮೆಹಸು, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ ಇರುವ ಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಇಂಥ ಮನೆಗಳು ನಮ್ಮ ಸದಸ್ಯರಲ್ಲಿ ಎಷ್ಟೋ ಇವೆ.

ಬೆಳಗಿನ ಜಾವ ಐದಕ್ಕೆ ಮೊದಲೇ ಅವಳು ಏಳುತ್ತಾಳೆ. ಅಂಗಳ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಇಡಬೇಕು. ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕಬೇಕು. ಹಸುವಿಗೆ ಬೂಸ ಕಲಸಿ, ಹಾಲು ಕರೆದು, ಡೇರಿಯ ವೇಳೆ ಮೀರುವ ಮುಂಚೆ ಕಳಿಸಬೇಕು. ನೀರೊಲೆಗೆ ಬೆಂಕಿ, ಮಕ್ಕಳಿಗೆ ಸ್ನಾನ, ತಿಂಡಿ, ಸ್ಕೂಲಿನ ಡಬ್ಬಿ, ಅತ್ತೆಗೆ ಮಾತ್ರೆ. ಎಂಟೂವರೆಗೆ ಮಕ್ಕಳು ಬಸ್ಸು ಹತ್ತುವ ಹೊತ್ತಿಗೆ ಅವಳು ಮೂರೂವರೆ ಗಂಟೆ ದುಡಿದಾಗಿರುತ್ತದೆ. ಅವಳ ಕಾಫಿ ಲೋಟ ಮಾತ್ರ ಒಲೆಯ ಪಕ್ಕದಲ್ಲಿ ಆರಿಹೋಗಿರುತ್ತದೆ.

ಆಮೇಲೆ ತೋಟ. ಬಿದ್ದ ತೆಂಗಿನಕಾಯಿ, ಉದುರಡಿಕೆ ಆಯುವುದು, ಗರಿ ಎಳೆದು ಒಂದೆಡೆ ಹಾಕುವುದು, ಕಳೆ ಕೀಳುವುದು, ಹುಲ್ಲಿನ ಹೊರೆ ಕಟ್ಟಿ ತರುವುದು. ಕೂಲಿಯಾಳು ಬಂದ ದಿನ ಅವರಿಗೂ ಮುದ್ದೆ ಸಾರು ಆಗಬೇಕು. ಮಧ್ಯಾಹ್ನ ಪಾತ್ರೆ, ಬಟ್ಟೆ, ರಾಗಿ ಹಸನು ಮಾಡುವ ಕೆಲಸ. ಸಂಜೆ ಮತ್ತೆ ಕೊಟ್ಟಿಗೆ, ಮತ್ತೆ ಒಲೆ, ಮಕ್ಕಳ ಪಾಠ. ಎಲ್ಲರೂ ಉಂಡ ಮೇಲೆ ಅವಳ ಊಟ. ಕದ ಹಾಕಿ ದೀಪ ಆರಿಸುವವಳೂ ಅವಳೇ.

ಸುಗ್ಗಿ ಬಂದರೆ

ಬಯಲು ಸೀಮೆಯಲ್ಲಿ ಅಡಿಕೆ ಗೊನೆ ಇಳಿಸುವ ಕಾಲ ಬಂತೆಂದರೆ ಈ ದಿನಚರಿಯ ಮೇಲೆ ಇನ್ನೊಂದು ದಿನಚರಿ ಹೇರಿದಂತೆ. ಮರ ಹತ್ತಿ ಅಥವಾ ದೋಟಿ ಹಿಡಿದು ಗೊನೆ ಇಳಿಸುವವರು ಗಂಡಸರು. ಗೊನೆ ನೆಲ ಮುಟ್ಟಿದ ಮೇಲಿನ ಕೆಲಸದಲ್ಲಿ ಬಹುಪಾಲು ಹೆಂಗಸರದು. ಕಾಯಿ ಬಿಡಿಸುವುದು, ಸುಲಿಯುವುದು, ಚೊಗರಿನಲ್ಲಿ ಬೇಯಿಸಿದ್ದನ್ನು ಕಣದಲ್ಲಿ ಹರವುವುದು, ದಿನಕ್ಕೆ ನಾಲ್ಕಾರು ಸಲ ಕೈಯಾಡಿಸುವುದು, ಮೋಡ ಕಂಡೊಡನೆ ಓಡಿ ಟಾರ್ಪಾಲು ಮುಚ್ಚುವುದು, ಒಣಗಿದ ಮೇಲೆ ಆರಿಸಿ ಬೇರೆಬೇರೆ ಮಾಡುವುದು.

ಹಸಿ ಕಾಯಿಯನ್ನು ಇಳಿಸಿದ ಮೇಲೆ ಹೆಚ್ಚು ದಿನ ಇಡುವಂತಿಲ್ಲ. ತಡವಾದಷ್ಟೂ ಗುಣ ಕೆಡುತ್ತದೆ. ಆದುದರಿಂದಲೇ ಸುಲಿತದ ಕೆಲಸ ರಾತ್ರಿ ಹನ್ನೊಂದಾದರೂ ಮುಗಿಯದೆ ನಡೆಯುವುದು. ಸುಲಿಯುವ ಯಂತ್ರಗಳು ಬಂದಿವೆ ನಿಜ. ಯಂತ್ರದ ಬಾಯಿಗೆ ಕಾಯಿ ಹಾಕುವ, ಅರ್ಧ ಸುಲಿದದ್ದನ್ನು ಆರಿಸಿ ಮತ್ತೆ ಕತ್ತಿಗೆ ಕೊಡುವ ಕೈಗಳು ಇನ್ನೂ ಬೇಕು. ಮಾರುಕಟ್ಟೆಯಲ್ಲಿ ನಮ್ಮ ರಾಶಿಗೆ ಒಳ್ಳೆಯ ಬಣ್ಣವಿದೆ, ಬೂಸಲಿಲ್ಲ ಎಂದು ವ್ಯಾಪಾರಿ ಹೆಚ್ಚು ಬೆಲೆ ಕೂಗಿದನೆಂದರೆ ಆ ಹೆಚ್ಚಿನ ಬೆಲೆ ಹುಟ್ಟಿದ್ದು ಕಣದಲ್ಲಿ.

ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರಿಗೂ ಇದು ಹೊಸದಲ್ಲ. ಹಸಿರು ಕಾಯಿ ಬೆರೆಯದಂತೆ ಹಣ್ಣನ್ನು ಮಾತ್ರ ಬಿಡಿಸುವುದು ಕೈಯ ಕೆಲಸ. ಕಣದ ಮೇಲೆ ಅರಬಿಕಾ ಚೆರಿಯನ್ನು 10.5, ರೊಬಸ್ಟಾ ಚೆರಿಯನ್ನು 11 ಶೇಕಡಾ ತೇವಾಂಶಕ್ಕೆ ಇಳಿಸುವುದು ಕಣ್ಣಿನ ಕೆಲಸ. ಸಣ್ಣ ತೋಟಗಳಲ್ಲಿ ಈ ಎರಡನ್ನೂ ಬಹುಮಟ್ಟಿಗೆ ಮನೆಯ ಹೆಂಗಸರೇ ನೋಡಿಕೊಳ್ಳುತ್ತಾರೆ.

ಒಂದು ಲೆಕ್ಕ

ಈಗ ಕಾಗದ ಪೆನ್ಸಿಲು ಹಿಡಿಯೋಣ. ಕೆಳಗಿನವು ಉದಾಹರಣೆಯ ಅಂಕಿಗಳು. ಓದುಗರು ತಮ್ಮ ಮನೆಯ ಅಂಕಿಗಳನ್ನು ಹಾಕಿಕೊಳ್ಳಬೇಕು.

ಸುಲಿತ ಮತ್ತು ಕಣದ ಕೆಲಸ ದಿನಕ್ಕೆ 4 ಗಂಟೆಯಂತೆ 60 ದಿನ, ಒಟ್ಟು 240 ಗಂಟೆ. ಎಂಟು ಗಂಟೆಗೆ ಒಂದು ಆಳಿನ ದಿನವೆಂದರೆ 30 ದಿನ.

ಹಸು, ಕೊಟ್ಟಿಗೆ, ಹುಲ್ಲಿನ ಕೆಲಸ ದಿನಕ್ಕೆ 3 ಗಂಟೆಯಂತೆ 365 ದಿನ, ಒಟ್ಟು 1,095 ಗಂಟೆ. ಇದು ಸುಮಾರು 137 ಆಳಿನ ದಿನ.

ತೋಟದಲ್ಲಿ ಕಳೆ, ಕಾಯಿ ಆಯುವುದು ಮುಂತಾದವು ದಿನಕ್ಕೆ 2 ಗಂಟೆಯಂತೆ 200 ದಿನ, ಒಟ್ಟು 400 ಗಂಟೆ. ಇದು 50 ಆಳಿನ ದಿನ.

ಕೂಡಿಸಿದರೆ 217 ಆಳಿನ ದಿನಗಳಾದವು. ನಿಮ್ಮ ಊರಿನಲ್ಲಿ ಇಂದು ನಡೆಯುತ್ತಿರುವ ಹೆಣ್ಣಾಳಿನ ಕೂಲಿಯಿಂದ ಇದನ್ನು ಗುಣಿಸಿ ನೋಡಿ. ಬಂದ ಮೊತ್ತವನ್ನು ವರ್ಷದ ಗೊಬ್ಬರದ ಬಿಲ್ಲಿನ ಪಕ್ಕದಲ್ಲಿಟ್ಟು ಹೋಲಿಸಿ.

ಇದರಲ್ಲಿ ಅಡುಗೆ, ನೀರು, ಬಟ್ಟೆ ಸೇರಿಲ್ಲ. ಕೇಂದ್ರ ಸರ್ಕಾರದ ಅಂಕಿ ಅಂಶ ಕಚೇರಿ 2019ರಲ್ಲಿ ಇಡೀ ದೇಶದಲ್ಲಿ ಜನರು ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಅದರಲ್ಲಿ ಕಂಡುಬಂತು. 299 ನಿಮಿಷದಂತೆ ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 227 ಆಳಿನ ದಿನ. ಮೇಲಿನ 217ಕ್ಕೆ ಇದನ್ನು ಕೂಡಿಸಿ, 444 ಆಯಿತು. ವರ್ಷಕ್ಕಿರುವುದು 365 ದಿನ. ಎಂದರೆ ಭಾನುವಾರ, ಹಬ್ಬ, ಜ್ವರ ಯಾವುದಕ್ಕೂ ರಜೆಯಿಲ್ಲದೆ ದಿನಕ್ಕೆ ಹತ್ತು ಗಂಟೆಗೆ ಹತ್ತಿರದ ದುಡಿಮೆ.

ಕುಟುಂಬದ ದುಡಿಮೆಗೆ ಬೆಲೆ ಕಟ್ಟುವುದು ಯಾರೋ ಹೊಸದಾಗಿ ಕಂಡುಹಿಡಿದ ಮಾತಲ್ಲ. ತಿಪಟೂರು ಮಾರುಕಟ್ಟೆಗೆ ಹೋಗುವ ನಮ್ಮ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಬೆಂಬಲ ಬೆಲೆ ಗೊತ್ತುಮಾಡುತ್ತದೆ. 2025ರ ಹಂಗಾಮಿಗೆ ಅದು ಕ್ವಿಂಟಾಲಿಗೆ 12,100 ರೂಪಾಯಿ ಇತ್ತು. ಆ ಬೆಲೆಯನ್ನು ಶಿಫಾರಸು ಮಾಡುವ ಆಯೋಗವು ಖರ್ಚಿನ ಪಟ್ಟಿಯಲ್ಲಿ ಗೊಬ್ಬರ, ಕೂಲಿಗಳ ಜೊತೆಗೆ ಕುಟುಂಬದವರ ಕೂಲಿಯಿಲ್ಲದ ದುಡಿಮೆಯನ್ನೂ ಒಂದು ಬಾಬ್ತಾಗಿ ಸೇರಿಸುತ್ತದೆ. ದೆಹಲಿಯ ಕಡತದಲ್ಲಿ ಬೆಲೆಯುಳ್ಳ ದುಡಿಮೆಗೆ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ ಎಂದರೆ ತಪ್ಪು ಪುಸ್ತಕದ್ದು.

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆ ಹೇಳುತ್ತೇವೆ. ಒಂದು ಕೈ ಕೆಸರಾಗಿ ಇನ್ನೊಂದು ಬಾಯಿಗೆ ಮೊಸರು ಹೋಗುವ ಮನೆಗಳಲ್ಲಿ ಈ ಗಾದೆ ಪೂರ್ತಿ ನಿಜವಾಗುವುದಿಲ್ಲ.

ಹೆಸರಿಲ್ಲದಿದ್ದರೆ ಏನಾಗುತ್ತದೆ

ಲೆಕ್ಕದಲ್ಲಿ ಸೇರದವಳು ದಾಖಲೆಯಲ್ಲೂ ಸೇರುವುದಿಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ. ಗದ್ದೆ ತೋಟಗಳಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚೆಂದು ಕಣ್ಣಿದ್ದವರಿಗೆಲ್ಲ ಗೊತ್ತು.

ಸಂಘದ ಕೌಂಟರಿನ ಮುಂದೆ ಆಗಾಗ ಕಾಣುವ ಒಂದು ದೃಶ್ಯವನ್ನು ಹೇಳುತ್ತೇವೆ. ಗಂಡ ತೀರಿಕೊಂಡು ತಿಂಗಳು ಕಳೆದ ಮೇಲೆ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತುಂಬಿಕೊಂಡು ಬರುತ್ತಾಳೆ. ಸಾಲ ಎಷ್ಟಿದೆ ಎಂಬುದು ಅವಳಿಗೆ ಅಂದೇ ಗೊತ್ತಾಗುವುದು. ಪಹಣಿ ತೆಗೆಸಿ ನೋಡಿದರೆ ಗಂಡನ ಹೆಸರೂ ಇಲ್ಲ. ಹತ್ತು ವರ್ಷದ ಹಿಂದೆ ತೀರಿಹೋದ ಮಾವನ ಹೆಸರೇ ಇನ್ನೂ ನಿಂತಿದೆ. ಇಪ್ಪತ್ತು ವರ್ಷ ಆ ತೋಟದ ಹುಲ್ಲು ಹೊತ್ತವಳು ಆ ತೋಟಕ್ಕೆ ಏನು ಆಗಬೇಕೆಂದು ಹೇಳಲು ಅವಳ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಇದರ ಪರಿಣಾಮ ಒಂದೆರಡಲ್ಲ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಜಮೀನಿನ ದಾಖಲೆ ನೋಡಿಯೇ ಬರುತ್ತದೆ. ಸಹಕಾರ ಸಂಘಗಳ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023–24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಅದನ್ನು ಪಡೆಯಲೂ ಪಹಣಿ ಬೇಕು. ಅಡಿಕೆಗಿರುವ ಹವಾಮಾನ ಆಧಾರಿತ ಬೆಳೆ ವಿಮೆ, ಮಳೆ ಗಾಳಿಯ ಪರಿಹಾರ, ಹನಿ ನೀರಾವರಿಯ ಸಹಾಯಧನ, ರೈತರ ಗುರುತಿನ ಫ್ರೂಟ್ಸ್ ಸಂಖ್ಯೆ ಎಲ್ಲವೂ ಪಹಣಿಯ ಹೆಸರಿಗೇ ಹೋಗಿ ನಿಲ್ಲುತ್ತವೆ. ಮನೆಯೊಡತಿಗೆಂದು 2023ರಲ್ಲಿ ಬಂದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಅವಳನ್ನು ಮನೆಯ ಯಜಮಾನಿಯೆಂದು ಗುರುತಿಸಿತು. ಬೆಳೆಗಾರ್ತಿಯೆಂದು ಗುರುತಿಸುವುದು ಇನ್ನೂ ಬಾಕಿ ಇದೆ.

ಡಾ. ಎಂ.ಎಸ್. ಸ್ವಾಮಿನಾಥನ್ ಅವರು ಈ ಕೊರತೆಯನ್ನು ಕಂಡೇ ರಾಜ್ಯಸಭೆಯಲ್ಲಿ 2011ರ ಮಹಿಳಾ ರೈತರ ಹಕ್ಕುಗಳ ಖಾಸಗಿ ಮಸೂದೆ ಮಂಡಿಸಿದರು. ಅದು ಕಾಯಿದೆಯಾಗಲಿಲ್ಲ. ಅದಕ್ಕೂ ಮೊದಲು 2007ರ ರಾಷ್ಟ್ರೀಯ ರೈತ ನೀತಿಯಲ್ಲಿ ರೈತ ಎಂಬ ಮಾತಿಗೆ ಜಮೀನಿನ ಒಡೆಯನೆಂದಷ್ಟೇ ಅರ್ಥ ಮಾಡದೆ ದುಡಿಯುವವರನ್ನೆಲ್ಲ ಸೇರಿಸಲಾಯಿತು. ವಿಶ್ವಸಂಸ್ಥೆಯು 2026ನೇ ವರ್ಷವನ್ನು ಅಂತರರಾಷ್ಟ್ರೀಯ ಮಹಿಳಾ ರೈತರ ವರ್ಷವೆಂದು 2024ರಲ್ಲಿಯೇ ಘೋಷಿಸಿತು. ಘೋಷಣೆಗಳು ಬೇಕು. ಆದರೆ ನಾಡಕಚೇರಿಯ ಕೌಂಟರಿನಲ್ಲಿ ಕೇಳುವುದು ಪಹಣಿಯನ್ನೇ.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರನ್ನು ಇಲ್ಲಿ ನೆನೆಯಬೇಕು. ಕೂಲಿ ಮಾಡಿ ಬದುಕಿದ ಅವರು ಗಂಡನೊಡನೆ ನೀರು ಹೊತ್ತು ಹುಲಿಕಲ್ಲು ಕುದೂರು ರಸ್ತೆಯಲ್ಲಿ ಆಲದ ಸಾಲು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಕಂಬನಿ ಮಿಡಿಯಿತು. ಅವರ ಮರಗಳು ರಸ್ತೆಯ ಬದಿಯಲ್ಲಿದ್ದವು, ಕಂಡವರೆಲ್ಲ ಕೊಂಡಾಡಿದರು. ಬೇಲಿಯೊಳಗೆ ನೀರು ಹೊತ್ತು ಗಿಡ ಉಳಿಸಿದ ಹೆಂಗಸರನ್ನು ನೋಡಬೇಕಾದವರು ಮನೆಯವರೇ.

ಕಾನೂನು ಏನು ಹೇಳುತ್ತದೆ

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅವನ ತಾಯಿಗೆ ಸಮನಾಗಿ ಹೋಗುತ್ತದೆ. ಎರಡೆಕರೆ ಎಂದರೆ 80 ಗುಂಟೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ತಾಯಿ ಇದ್ದರೆ ಐದು ಪಾಲು, ತಲಾ 16 ಗುಂಟೆ. ಹೆಂಡತಿಯ 16 ಗುಂಟೆ ಮಗನ ದಯೆಯಿಂದ ಬಂದ ಜೀವನಾಂಶವಲ್ಲ. ಅದು ಅವಳ ಪೂರ್ಣ ಸ್ವತ್ತು.

ಪಿತ್ರಾರ್ಜಿತವಾದರೆ ಮೊದಲು ಕುಟುಂಬದಲ್ಲಿ ತೀರಿಕೊಂಡವನ ಪಾಲು ಎಷ್ಟೆಂದು ಗೊತ್ತುಮಾಡಿ ಆಮೇಲೆ ಆ ಪಾಲನ್ನು ವಾರಸುದಾರರಿಗೆ ಹಂಚಬೇಕು. ಅಲ್ಲಿ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. ಕರ್ನಾಟಕವು 1994ರಲ್ಲಿ ತನ್ನ ತಿದ್ದುಪಡಿಯಿಂದ ಈ ಹಕ್ಕು ಕೊಟ್ಟಿತು, ಆದರೆ ಅಷ್ಟರಲ್ಲಾಗಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಮುಸ್ಲಿಂ, ಕ್ರೈಸ್ತ ಸದಸ್ಯರಿಗೆ ಬೇರೆ ನಿಯಮಗಳಿವೆ. ಅವರು ವಕೀಲರಲ್ಲಿ ವಿಚಾರಿಸುವುದು ಒಳ್ಳೆಯದು.

ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಅಷ್ಟೇ ಜಾಗರೂಕತೆಯನ್ನು ಮನೆಯ ಕಾಗದಗಳ ಬಗ್ಗೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು.

ಈ ವರ್ಷ ಮಾಡಬಹುದಾದ ಕೆಲಸಗಳು

1. ಪಹಣಿ ತೆಗೆಸಿ ನೋಡಿ. ಸತ್ತವರ ಹೆಸರಿದ್ದರೆ ಮರಣ ಪತ್ರ, ವಂಶವೃಕ್ಷ ಸೇರಿಸಿ ಪೌತಿ ಖಾತೆಗೆ ಅರ್ಜಿ ಕೊಡಿ. ಬದುಕಿರುವವರು ಎಲ್ಲರೂ ಒಪ್ಪಿರುವಾಗಲೇ ಇದು ಸುಲಭ. ಒಂದು ತಲೆಮಾರು ದಾಟಿದರೆ ಸಹಿ ಹಾಕಬೇಕಾದವರು ಐದರಿಂದ ಇಪ್ಪತ್ತಾಗುತ್ತಾರೆ.

2. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಬಿಟ್ಟ ಹೆಸರು ಮುಂದೆ ಕೋರ್ಟಿನಲ್ಲಿ ಎದ್ದು ನಿಲ್ಲುತ್ತದೆ.

3. ಸ್ವಂತ ಜಮೀನಿನಲ್ಲಿ ಒಂದು ಭಾಗವನ್ನಾದರೂ ಹೆಂಡತಿಯ ಹೆಸರಿಗೆ ಮಾಡಬಹುದು. ಹತ್ತಿರದ ಸಂಬಂಧಿಗಳಿಗೆ ಮಾಡುವ ದಾನಪತ್ರಕ್ಕೆ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕ ಬೀಳುವುದಿಲ್ಲ, ನಿಗದಿಯಾದ ಮೊತ್ತವಿದೆ. ಇಂದಿನ ದರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ ತಿಳಿಯಿರಿ.

4. ಬೈಲಾ ಪ್ರಕಾರ ಅರ್ಹತೆ ಇದ್ದರೆ ಅವಳನ್ನು ಸಂಘದ ಸದಸ್ಯಳನ್ನಾಗಿ ಮಾಡಿ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ. ಸದಸ್ಯಳಾದ ಮೇಲೆ ಮಹಾಸಭೆಗೆ ಬರಬೇಕು, ಸಂಘದಲ್ಲಿ ವ್ಯವಹಾರ ಮಾಡಬೇಕು. ಇಲ್ಲವಾದರೆ ಮತದ ಹಕ್ಕಿಗೆ ತೊಡಕು ಬರಬಹುದು. ಹೆಂಡತಿಯ ಪರವಾಗಿ ಗಂಡ ಸಭೆಗೆ ಬಂದು ಕೂರುವ ರೂಢಿಯನ್ನು ನಾವೆಲ್ಲ ಸೇರಿ ನಿಲ್ಲಿಸೋಣ.

5. ಷೇರು, ಠೇವಣಿ, ವಿಮೆಯ ನಾಮಿನಿ ಹೆಸರನ್ನು ನೋಡಿಕೊಳ್ಳಿ. ಮದುವೆಗೆ ಮುಂಚೆ ಬರೆಸಿದ ಅಣ್ಣನ ಹೆಸರೇ ಇನ್ನೂ ಇರಬಹುದು. ನಾಮಿನಿ ಎಂದರೆ ಹಣ ಪಡೆಯಲು ಹೆಸರಿಸಿದವರು, ಅದರಿಂದಲೇ ವಾರಸುದಾರಿಕೆ ತೀರ್ಮಾನವಾಗುವುದಿಲ್ಲ ಎಂಬುದೂ ನೆನಪಿರಲಿ.

6. ಹಾಲಿನ ಹಣವನ್ನಾದರೂ ಹಾಲು ಕರೆಯುವವಳ ಖಾತೆಗೇ ಬರುವಂತೆ ಮಾಡಿ. ಹಸುವಿನ ಹಿಂಡಿ, ಔಷಧಿಯ ಲೆಕ್ಕ ಅವಳಿಗೇ ಚೆನ್ನಾಗಿ ಗೊತ್ತು.

7. ಸಾಲವೆಷ್ಟು, ಯಾವ ಸಂಘದಲ್ಲಿ, ಯಾವ ಬ್ಯಾಂಕಿನಲ್ಲಿ, ಕೈಗಡ ಯಾರಿಂದ ಎಂಬುದನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದು ಅವಳಿಗೆ ತೋರಿಸಿ. ಸಾಲ ಮುಚ್ಚಿಡುವುದರಿಂದ ಅವಳ ಚಿಂತೆ ಕಡಿಮೆಯಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ.

ಮೈಯ ಆರೋಗ್ಯ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಸುಸ್ತು, ಏದುಸಿರು, ತಲೆಸುತ್ತು ಇದ್ದರೂ 'ಕೆಲಸ ಜಾಸ್ತಿಯಾಯ್ತು' ಎಂದು ತಳ್ಳಿಹಾಕುವುದು ವಾಡಿಕೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಹುರುಳಿ, ಕಾಳು, ಸೊಪ್ಪು, ಜೊತೆಗೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಊಟದಲ್ಲಿರಲಿ. ಕಾಫಿ ಬೆಳೆಗಾರರಾದ ನಾವೇ ಇದನ್ನೂ ಹೇಳಬೇಕು: ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆ. ಒಂದು ಗಂಟೆಯ ಅಂತರವಿರಲಿ. ಎಲ್ಲಕ್ಕಿಂತ ಮೊದಲು, ಕೊನೆಯಲ್ಲಿ ತಳ ಬಾಚಿ ಉಣ್ಣುವ ರೂಢಿ ತಪ್ಪಲಿ.

ಸುಲಿತಕ್ಕೆ ನೆಲದ ಮೇಲೆ ಗಂಟೆಗಟ್ಟಲೆ ಕೂರಿಸುವ ಬದಲು ಬೆನ್ನಿಗೆ ಆಸರೆ ಇರುವ ಮಣೆ, ಬೆರಳಿಗೆ ಬಟ್ಟೆ ಅಥವಾ ರಬ್ಬರಿನ ಕವಚ, ಒಳ್ಳೆಯ ದೀಪ ಕೊಡಿ. ಅಡಿಕೆ ಬೇಯಿಸುವ ಒಲೆಯ ಹೊಗೆ ಮನೆಯೊಳಗೆ ನುಗ್ಗದಂತೆ ಕಟ್ಟಿ. ಟ್ರ್ಯಾಕ್ಟರಿಗೆ, ಕಳೆ ಯಂತ್ರಕ್ಕೆ ಹಣ ಹೊಂದಿಸುವ ಮನೆಯಲ್ಲಿ ಇವಕ್ಕೆ ಹಣವಿಲ್ಲವೆನ್ನಲಾಗದು.

ಕೊನೆಯ ಮಾತು

ಇದನ್ನು ಓದುವವರು ಹೆಚ್ಚಾಗಿ ಗಂಡಸರೆಂದು ನಮಗೆ ಗೊತ್ತು, ಏಕೆಂದರೆ ಪತ್ರಿಕೆ ಹೋಗುವುದು ಸದಸ್ಯರ ಹೆಸರಿಗೆ. ಆದುದರಿಂದ ಒಂದು ಕೋರಿಕೆ. ಈ ಸಂಚಿಕೆಯನ್ನು ಸಂಜೆ ಮನೆಯಲ್ಲಿ ಗಟ್ಟಿಯಾಗಿ ಓದಿ. ಮೇಲಿನ ಲೆಕ್ಕದಲ್ಲಿ ನಿಮ್ಮ ಮನೆಯ ಅಂಕಿಗಳನ್ನು ಹಾಕುವಾಗ ಗಂಟೆಗಳನ್ನು ನೀವೇ ಊಹಿಸಬೇಡಿ, ಅವಳನ್ನೇ ಕೇಳಿ ಬರೆಯಿರಿ. ಬಂದ ಮೊತ್ತವನ್ನು ತೋಟದ ಖರ್ಚಿನ ಪುಸ್ತಕದಲ್ಲಿ 'ಮನೆಯವರ ದುಡಿಮೆ' ಎಂಬ ಹೊಸ ಬಾಬ್ತು ತೆರೆದು ನಮೂದಿಸಿ. ಮರುದಿನ ಪಹಣಿ ತೆಗೆಸಲು ಹೋಗುವಾಗ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಮುಂದಿನ ಸಲ ಯಾರಾದರೂ ಬಂದು ನಿಮ್ಮ ಮನೆಯವರು ಏನು ಮಾಡುತ್ತಾರೆಂದು ಕೇಳಿದರೆ, "ತೋಟ ನೋಡ್ಕೋತಾರೆ, ನಾನೂ ನೋಡ್ಕೋತೀನಿ" ಎಂದು ಉತ್ತರ ಕೊಡಿ.